ಬಾತುಕೋಳಿ ಗರಿಯ ಜಾಕೆಟ್ಟೂ ನನ್ನ ಹತ್ತು ಬೆರಳೂ

ಪಿಟೀಲು: ಅತ್ತಿಗೆ, ಜಾಕೆಟ್ಟನ್ನ ಯಾರಾದರೂ ತಕ್ಕಡಿಗೆ ಹಾಕಿ ಕೊಳ್ತಾರಾ? ಇಡಿ ಅದನ್ನ ಕೆಳಗೆ.

ನಾನು: ಒಳಗೆ ತುಂಬಿದ ಮಾಲು ಅಂದಮೇಲೆ ತೂಕ ನೋಡದೆ ಯಾರು ಕೊಳ್ತಾರೆ? ನೀನು ಸುಮ್ಮನಿರು. ಏನಪ್ಪ, ತಕ್ಕಡಿ ಇದೆಯೋ ಇಲ್ಲವೋ ನಿನ್ನ ಹತ್ತಿರ?

ಅಂಗಡಿಯವ: ಅಮ್ಮ, ಹದಿನಾಲ್ಕು ವರ್ಷದಿಂದ ಜಾಕೆಟ್ ಮಾರ್ತಾ ಇದೀನಿ. ಬಣ್ಣ ಕೇಳ್ತಾರೆ, ಅಳತೆ ಕೇಳ್ತಾರೆ. ತಕ್ಕಡಿ ಕೇಳಿದವರು ನೀವೇ ಮೊದಲು.

ನಾನು: ಅಂದ್ರೆ ಹದಿನಾಲ್ಕು ವರ್ಷದಿಂದ ಜನ ಮೋಸ ಹೋಗ್ತಾ ಇದಾರೆ ಅಂತಾಯ್ತು.

ಪಿಟೀಲು ಅಂದರೆ ನನ್ನ ನಾದಿನಿ, ಗಂಡನ ತಂಗಿ. ಅವಳಿಗೆ ಬೇರೆ ಹೆಸರಿದೆ. ಆದರೆ ಒಂದು ಲೋಟ ನೀರು ಕೇಳಿದರೂ ತಂತಿ ಬಿಗಿ ಮಾಡಿದ ಹಾಗೆ ಕೇಳಿಸುತ್ತದೆ ಎಂದು ನಮ್ಮವರೇ ಇಟ್ಟ ಅಡ್ಡಹೆಸರು ಇದು. ಇಟ್ಟವರು ಹೋಗಿ ಆರು ವರ್ಷವಾಯಿತು. ಪಿಟೀಲು ನನ್ನ ಪಾಲಿಗೆ ಉಳಿಯಿತು.

ನಮ್ಮವರೂ ನಾನೂ ನಲವತ್ತು ವರ್ಷ ಹಾಸಿಗೆ ಅಂಗಡಿ ನಡೆಸಿದವರು. ಅವರು ಹತ್ತಿ ಹಿಂಜುವುದು, ನಾನು ತುಂಬಿ ಹೊಲಿಯುವುದು. ಪಿಟೀಲು ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದವಳು. ಹಾಸಿಗೆಯ ಒಳಗಿನದು ನನ್ನ ಕಸುಬು, ಮೇಲೆ ಹೊದಿಸುವುದು ಅವಳ ಕಸುಬು. ಆದ್ದರಿಂದ ಒಂದು ಹಾಸಿಗೆಯ ವಿಷಯದಲ್ಲಾದರೂ ನಾವಿಬ್ಬರು ಒಂದೇ ಮಾತು ಆಡಿದ್ದಿಲ್ಲ.

ಆ ದಿನ ನಾವು ಹೋಗಿದ್ದು ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಗೆ. ಹಗ್ಗ, ಕೋಲು, ಮುಳ್ಳಟ್ಟೆಯ ಬೂಟು, ಬಾಳೆಕಾಯಿಯಷ್ಟಕ್ಕೆ ಮಡಚಿಡುವ ಚಾಪೆ, ಎಲ್ಲ ನೇತಾಡುತ್ತಿದ್ದವು. ಆ ಸಾಮಾನಿನ ನಡುವೆ ನಾವಿಬ್ಬರು ಯಾರೋ ಮರೆತು ಬಿಟ್ಟುಹೋದ ಛತ್ರಿಗಳ ಹಾಗೆ ನಿಂತಿದ್ದೆವು.

ಕಾರಣ ಡ್ರಿಲ್ ಮೇಷ್ಟ್ರು. ಬೆಳಗಿನ ವಾಯುವಿಹಾರದ ನಮ್ಮ ಗುಂಪಿಗೆ ಅವರೇ ಯಜಮಾನರು. ನಿವೃತ್ತರಾಗಿ ಹದಿಮೂರು ವರ್ಷವಾದರೂ ಕೊರಳಿಂದ ಸೀಟಿ ಇಳಿದಿಲ್ಲ. ಬರುವ ಭಾನುವಾರ ಎಲ್ಲರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲೆ ಗಾಳಿ, ಮಂಜು, ಚಳಿ. ಬೆಚ್ಚನೆಯ ಜಾಕೆಟ್ ಇಲ್ಲದವರು ಬರಕೂಡದು. ಇದು ಮೊದಲನೇ ನಿಯಮ. ಎರಡನೆಯದು ಇನ್ನೂ ಬಿಗಿ. ಯಾರ ಬೂಟಿನ ದಾರ ಅವರೇ ಕಟ್ಟಬೇಕು, ಯಾರ ಜಿಪ್ಪು ಅವರೇ ಎಳೆದುಕೊಳ್ಳಬೇಕು. ಹೋದ ತಿಂಗಳು ದಾರ ಕಟ್ಟಲಾಗದ್ದಕ್ಕೆ ನಮ್ಮ ಗುಂಪಿನಲ್ಲಿದ್ದ ನಿವೃತ್ತ ಅಂಚೆಯವರ ಹೆಸರು ಹೊಡೆದು ಹಾಕಿದರು. ಪಾಪ, ಅವರೀಗ ಉದ್ಯಾನವನ್ನು ಒಬ್ಬರೇ ಸುತ್ತುತ್ತಾರೆ, ನಾವು ಎದುರಾದರೆ ಮರ ನೋಡುತ್ತಾರೆ.

ನನಗೆ ಆ ಬೆಟ್ಟ ಹತ್ತಲೇಬೇಕಿತ್ತು. ಹಾಸಿಗೆ ಹೊಲಿಯಲು ನಾನು ಕೂರುತ್ತಿದ್ದ ಕಿಟಕಿಯಿಂದ ಅದರ ತುದಿ ಕಾಣುತ್ತಿತ್ತು. ದಾರ ಪೋಣಿಸುವಾಗೊಮ್ಮೆ ತಲೆ ಎತ್ತಿದರೆ ಅದು, ಗಂಟು ಹಾಕಿ ತಲೆ ಎತ್ತಿದರೆ ಅದು. ನಲವತ್ತು ವರ್ಷ ಇಲ್ಲಿಂದ ಅದನ್ನು ನೋಡಿದ್ದಾಯಿತು. ಒಂದು ಸಲ ಅಲ್ಲಿಂದ ನನ್ನ ಕಿಟಕಿ ಕಾಣುತ್ತದೋ ಇಲ್ಲವೋ ನೋಡಬೇಕು ಅನ್ನುವುದು ಆಸೆ. ಮುದುಕಿಯ ಆಸೆ, ಯಾರಿಗೆ ಹೇಳಿದರೂ ನಗುತ್ತಾರೆ.

ತೊಡಕು ಏನೆಂದರೆ, ಎರಡು ವರ್ಷದಿಂದ ನನ್ನ ಬೆರಳ ತುದಿಗಳು ಮರಗಟ್ಟಿವೆ. ಸೂಜಿ ಚುಚ್ಚಿದರೆ ಬೆರಳಿಗೆ ತಿಳಿಯುವುದಿಲ್ಲ, ಬಟ್ಟೆಯ ಮೇಲೆ ಕೆಂಪು ಚುಕ್ಕೆ ಬಿದ್ದಾಗ ಕಣ್ಣಿಗೆ ತಿಳಿಯುತ್ತದೆ. ಯಾರಿಗೂ ಹೇಳಿಲ್ಲ. ಪಿಟೀಲಿಗೆ ತಿಳಿದರೆ ಮೇಷ್ಟ್ರಿಗೆ ತಿಳಿದಂತೆಯೇ. ಅವಳ ಹೊಟ್ಟೆಯಲ್ಲಿ ಯಾವ ಗುಟ್ಟೂ ಬೆಳಗಾಗುವವರೆಗೆ ನಿಂತದ್ದಿಲ್ಲ, ಅಂತ ಆ ದಿನದವರೆಗೆ ನಂಬಿದ್ದೆ. ಮೇಷ್ಟ್ರ ಕಿವಿಗೆ ಬಿದ್ದರೆ ನಾನೂ ಅಂಚೆಯವರ ಜೊತೆ ಮರ ನೋಡುವುದೇ.

ಅಂಗಡಿಯಲ್ಲಿ ಒಂದೇ ಜಾತಿಯ ಎರಡು ಜಾಕೆಟ್ ಕೊಂಡರೆ ಎರಡನೆಯದಕ್ಕೆ ಅರ್ಧ ಬೆಲೆ ಎಂದು ಬರೆದು ಹಾಕಿದ್ದರು. ಹಾಗಾಗಿ ಇಬ್ಬರೂ ಒಂದನ್ನೇ ಒಪ್ಪಬೇಕಿತ್ತು. ಬೆಟ್ಟ ಹತ್ತುವುದಕ್ಕಿಂತ ಕಷ್ಟದ ಕೆಲಸ.

ಇದ್ದದ್ದು ಎರಡು ಜಾತಿ. ಒಂದು ಬಾತುಕೋಳಿಯ ಎದೆಯ ಸಣ್ಣ ಗರಿ ತುಂಬಿದ್ದು. ಅದಕ್ಕೆ ಡೌನ್ ಅನ್ನುತ್ತಾರಂತೆ. ಇನ್ನೊಂದು ಸಿಂಥೆಟಿಕ್ ನೂಲು ತುಂಬಿದ್ದು. ಪಿಟೀಲು ಗರಿ ಜಾಕೆಟ್ಟನ್ನು ಒಂದು ಬೆರಳಲ್ಲಿ ಎತ್ತಿ, ಇದೇ ಇರಲಿ, ಹೊತ್ತ ಹಾಗೇ ಇಲ್ಲ, ನನ್ನ ಮಂಡಿ ನನಗೆ ಆಶೀರ್ವಾದ ಮಾಡುತ್ತದೆ ಅಂದಳು. ಹಗುರ ಅಂದ ಕೂಡಲೇ ನನ್ನ ಕಸುಬು ಎದ್ದು ಕೂತಿತು. ನಮ್ಮಲ್ಲಿ ತೂಕವಿದ್ದರೆ ಮಾಲು, ಹಗುರವಿದ್ದರೆ ಮೋಸ. ಐದು ಕೇಜಿ ಅಂತ ಹೇಳಿ ಮೂರು ತುಂಬಿದ್ದರೆ ಗಿರಾಕಿ ಆ ಹಾಸಿಗೆಯನ್ನು ನಮ್ಮ ತಲೆಗೇ ಎಸೆಯುತ್ತಿದ್ದ. ಇವನು ನೋಡಿದರೆ ಕಡಿಮೆ ತುಂಬಿದ್ದಕ್ಕೆ ಮೂರು ಪಟ್ಟು ಬೆಲೆ ಹೇಳುತ್ತಾನೆ.

ಅಂಗಡಿಯವ ಕೊನೆಗೆ ಒಳಗಿನಿಂದ, ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಯೊಂದನ್ನು ತಂದ. ಎರಡನ್ನೂ ತೂಗಿದ. ಸಿಂಥೆಟಿಕ್ ಮುಕ್ಕಾಲು ಕೇಜಿ, ಗರಿಯದು ಅದರ ಅರ್ಧಕ್ಕೂ ಕಡಿಮೆ.

ನಾನು: ನೋಡಿದೆಯಾ? ಸಿಕ್ಕಿಬಿದ್ದ.

ಅಂಗಡಿಯವ: ನೋಡಿದಿರಾ ಅಮ್ಮ? ಇದಕ್ಕೇ ನಾನು ಹೇಳಿದ್ದು.

ನಾನು: ಏನು ಹೇಳಿದ್ದು? ಅರ್ಧ ಖಾಲಿ ಅಂತ ನೀನೇ ಒಪ್ಪಿಕೊಂಡೆಯಲ್ಲ.

ಅಂಗಡಿಯವ: ಖಾಲಿ ಅಲ್ಲಮ್ಮ, ಹಗುರ. ಹಗುರ ಇರೋದೇ ಇದರ ಹೆಚ್ಚುಗಾರಿಕೆ.

ನಾನು: ನಮ್ಮವರು ಬದುಕಿದ್ದಾಗ ನೀನು ಯಾಕಪ್ಪ ಸಿಗಲಿಲ್ಲ? ನಾವೂ ಖಾಲಿ ಚೀಲ ಹೊಲಿದು, ಇದರ ಹೆಚ್ಚುಗಾರಿಕೆ ನೋಡಿ ಅಂತ ಮಾರಿ ಮಹಡಿ ಮನೆ ಕಟ್ಟುತ್ತಿದ್ದೆವು.

ತಕ್ಕಡಿಯ ಒಂದೇ ಮುಳ್ಳು ನೋಡಿ ಅವನೂ ನಾನೂ ಇಬ್ಬರೂ ಗೆದ್ದಿದ್ದೆವು. ಪಿಟೀಲು, ಅತ್ತಿಗೆ ಹೀಗೇ, ನಮ್ಮ ಅಣ್ಣ ನಲವತ್ತು ವರ್ಷ ಹೇಗೆ ತಡೆದುಕೊಂಡನೋ ಎಂದು ಅಂಗಡಿಯವನಿಗೆ ಸಮಾಧಾನ ಹೇಳಿದಳು. ಅದೇ ಉಮೇದಿನಲ್ಲಿ ಗರಿ ಜಾಕೆಟ್ಟಿನ ಒಳಗೆ ಹೊಲಿದ ಬರಹದ ಪಟ್ಟಿಯನ್ನು ತೋಳುದ್ದ ದೂರ ಹಿಡಿದು, ಒಗೆಯುವುದು ಹೇಗೆ ಅಂತ ಕೇಳಿದಳು. ಆ ಪಟ್ಟಿಯ ಮೇಲಿನ ಬಕೆಟ್ಟು, ಇಸ್ತ್ರಿಪೆಟ್ಟಿಗೆಯ ಚಿತ್ರಗಳೆಲ್ಲ ಅವಳಿಗೆ ಕಂಠಪಾಠ.

ಅಂಗಡಿಯವ ಹೇಳುತ್ತ ಹೋದ, ಅವಳ ಮುಖ ಕಪ್ಪಿಡುತ್ತ ಹೋಯಿತು. ಕುದಿಸಬಾರದು. ಹಿಂಡಬಾರದು. ಮಾಮೂಲಿ ಸೋಪು ಹಾಕಬಾರದು, ಅದಕ್ಕೇ ಬೇರೆ ಸೋಪು. ಒದ್ದೆಯಾದರೆ ಗರಿಯೆಲ್ಲ ಮುದ್ದೆ ಕಟ್ಟುತ್ತದೆ, ಆಗ ಒಂದು ಚೂರೂ ಬೆಚ್ಚಗಿಡುವುದಿಲ್ಲ. ಒಣಗಿಸುವ ಯಂತ್ರದಲ್ಲಿ ಟೆನಿಸ್ ಚೆಂಡುಗಳ ಜೊತೆ ಹಾಕಿ ಮೂರು ಗಂಟೆ ತಿರುಗಿಸಬೇಕು, ಚೆಂಡು ಬಡಿದು ಬಡಿದು ಮುದ್ದೆ ಬಿಡುತ್ತದೆ.

ಪಿಟೀಲು: ಚೆಂಡು.

ಅಂಗಡಿಯವ: ಹೌದಮ್ಮ, ಎರಡು ಮೂರು.

ಪಿಟೀಲು: ಮೂವತ್ತು ವರ್ಷ ಒಗೆದಿದೀನಿ. ರಕ್ತ ಒಗೆದಿದೀನಿ, ಔಷಧಿ ಕಲೆ ಒಗೆದಿದೀನಿ, ಡಾಕ್ಟರ ಕೋಟಿನ ಮೇಲಿನ ಶಾಯಿ ಒಗೆದಿದೀನಿ. ಬಟ್ಟೆ ಜೊತೆ ಆಟ ಆಡಿಲ್ಲ.

ಅಂಗಡಿಯವ: ಸಿಂಥೆಟಿಕ್ ಆದ್ರೆ ಆ ತೊಂದರೆ ಇಲ್ಲ. ಮಿಷನ್ನಿಗೆ ಹಾಕಿ, ಕೊಡವಿ, ನೇತು ಹಾಕಿ. ಒದ್ದೆಯಾದ್ರೂ ಒಂದಿಷ್ಟು ಬೆಚ್ಚಗಿಡುತ್ತೆ.

ಪಿಟೀಲು: ಕುದಿಸದ ಬಟ್ಟೆ ಒಗೆದ ಬಟ್ಟೆಯಲ್ಲ, ಹಿಂಡದ ಬಟ್ಟೆ ಬಟ್ಟೆಯೇ ಅಲ್ಲ. ಅತ್ತಿಗೆ, ನೀವು ಹೇಳಿದ್ದೇ ಸರಿ. ಸಿಂಥೆಟಿಕ್ ತಗೊಳ್ಳೋಣ.

ನಲವತ್ತೆಂಟು ವರ್ಷದಲ್ಲಿ ಅವಳ ಬಾಯಿಂದ ‘ನೀವು ಹೇಳಿದ್ದೇ ಸರಿ’ ಅನ್ನುವ ಮಾತು ಬಂದದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳಲು ನಾನು ಅಲ್ಲಿರಲಿಲ್ಲ. ಅಂದರೆ ಕಾಲು ಅಲ್ಲೇ ಇತ್ತು, ಮನಸ್ಸು ಗಾಜಿನ ಸೀಸೆಯೊಂದರಲ್ಲಿ ಬಿದ್ದಿತ್ತು. ಗಿರಾಕಿಗಳಿಗೆ ತೋರಿಸಲೆಂದು ಕಟ್ಟೆಯ ಮೇಲೆ ಒಂದು ಚಿಟಿಕೆ ಗರಿ ಹಾಕಿಟ್ಟ ಸೀಸೆ. ಅಂಗಡಿಯವ ಅದನ್ನು ಮುಷ್ಟಿಯಲ್ಲಿ ಅದುಮಿ ಕಡಲೆಕಾಳಷ್ಟು ಮಾಡಿ ಒಳಗೆ ಬಿಟ್ಟ. ಅದು ಮೆಲ್ಲಗೆ, ನಿದ್ದೆಯಿಂದ ಎದ್ದವರು ಮೈಮುರಿದ ಹಾಗೆ, ಅರಳುತ್ತ ಅರಳುತ್ತ ಸೀಸೆ ಪೂರ್ತಿ ತುಂಬಿಕೊಂಡಿತು.

ಹತ್ತಿ ಹಾಗೆ ಏಳುವುದಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ನಿಜವಾದ ಗರಿ ತುಂಬಿದ್ದೆ. ಯಾರೋ ದೊಡ್ಡ ಮನೆಯವರ ರಜಾಯಿ. ನಮ್ಮವರು ಕಿಟಕಿ ಬಾಗಿಲೆಲ್ಲ ಮುಚ್ಚಿ, ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತದೆ ಎಂದು ಇಬ್ಬರ ಮೂಗಿಗೂ ಒದ್ದೆ ಬಟ್ಟೆ ಕಟ್ಟಿದರು. ಮೂರು ದಿನ ಮಾತಿಲ್ಲ, ಬರೀ ಸನ್ನೆ. ನಮ್ಮ ಸಂಸಾರದಲ್ಲಿ ಜಗಳವಾಡದ ಮೂರು ದಿನ ಅಂದರೆ ಅವೇ. ಮುಗಿದ ಮೇಲೆ ಅವರು ಅದನ್ನು ನೆಲಕ್ಕೆ ಹಾಸಿ, ಹತ್ತು ಎಣಿಸುವಷ್ಟು ಹೊತ್ತು ಮಲಗು, ಹೇಗಿದೆ ಹೇಳು ಅಂದರು. ಮಲಗಿದೆ. ಒಂಬತ್ತು ಎಣಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು, ಗಿರಾಕಿ ಬಂದಿದ್ದ. ಆ ಹತ್ತನೆಯದು ನನಗೆ ಇವತ್ತಿಗೂ ಬಾಕಿ.

ನಾನು: ಪಿಟೀಲು, ಗರಿಯದೇ ತಗೊಳ್ಳೋಣ.

ಪಿಟೀಲು: ಈಗ ತಾನೆ ಖಾಲಿ ಚೀಲ ಅಂದ್ರಿ.

ನಾನು: ನೀನು ಈಗ ತಾನೆ ಮಂಡಿ ಆಶೀರ್ವಾದ ಮಾಡುತ್ತೆ ಅಂದೆ.

ಪಿಟೀಲು: ಮಂಡಿ ಒಗೆಯೋದಿಲ್ಲ. ಒಗೆಯೋಳು ನಾನು.

ನಾನು: ಒಂದು ಭಾನುವಾರ ಹಾಕಿಕೊಂಡಿದ್ದಕ್ಕೆ ಅದನ್ನ ಕುದಿಸ್ತೀಯಾ?

ಪಿಟೀಲು: ನೀವು ಬಾಯಿಗಿಂತ ಹೆಚ್ಚು ಬಟ್ಟೆಗೆ ಉಣಿಸೋರು. ಒಂದು ಭಾನುವಾರವೇ ಸಾಕು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ನಡುದಾರಿಯಲ್ಲಿ ಎತ್ತೂ ಕೋಣವೂ ಜಾಗ ಬದಲಾಯಿಸಿ ಮತ್ತೆ ಎಳೆಯಲು ಶುರುಮಾಡಿದ್ದೆವು. ಅಂಗಡಿಯವ ಸ್ಟೂಲಿನ ಮೇಲೆ ಕೂತ. ಸ್ವಲ್ಪ ಹೊತ್ತು ಬಿಟ್ಟು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದ. ಜಾಕೆಟ್ಟನ್ನು ನಡೆಯುವಾಗ ಹಾಕಿಕೊಳ್ಳುತ್ತೀರೋ, ಕೂತಾಗಲೋ? ನಡೆಯುವವರು ಬೆವರುತ್ತಾರೆ, ಅವರಿಗೆ ಸಿಂಥೆಟಿಕ್ ಒಳ್ಳೆಯದು. ಒಂದೆಡೆ ಕೂತು ಚಳಿ ಕಾಯುವವರಿಗೆ ಗರಿ ಒಳ್ಳೆಯದು, ಆದರೆ ಮಳೆ ಮಂಜು ತಾಗಬಾರದು.

ಪಿಟೀಲು: ನಾನು ನಡೆಯೋಳು. ಅತ್ತಿಗೆ ಕೂರೋರು. ಉದ್ಯಾನದಲ್ಲಿ ಒಂದು ಬೆಂಚೂ ಬಿಡೋದಿಲ್ಲ, ಎಲ್ಲಕ್ಕೂ ಸಮನಾಗಿ ಗೌರವ ಕೊಡ್ತಾರೆ.

ನಾನು: ಅದಕ್ಕೇ ಹೇಳಿದ್ದು, ಗರಿ.

ಪಿಟೀಲು: ಬೆಟ್ಟದಲ್ಲಿ ಬೆಂಚಿಲ್ಲ. ಮಂಜಿದೆ.

ಅಂಗಡಿಯವ: ಅಮ್ಮ, ಒಂದು ಮಾತು ಹೇಳ್ಲಾ? ಈಗ ಸಿಂಥೆಟಿಕ್ ಕೂಡ ಎಷ್ಟು ನಯವಾಗಿ ಬರುತ್ತೆ ಅಂದ್ರೆ, ಕಣ್ಣು ಮುಚ್ಚಿ ಮುಟ್ಟಿದರೆ ಯಾರ ಕೈಗೂ ವ್ಯತ್ಯಾಸ ಗೊತ್ತಾಗೋದಿಲ್ಲ.

ಇಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನನ್ನಮ್ಮ ಹೇಳುತ್ತಿದ್ದಳು, ನನ್ನನ್ನು ನೋಡಿಯೇ ಹೇಳುತ್ತಿದ್ದಳು.

ನಾನು: ಯಾರ ಕೈಗೂ ಅಂದೆಯಾ? ನನ್ನ ಕೈ ನೋಡಿದೀಯಾ ನೀನು? ಮೂರನೇ ತರಗತಿಗೆ ಸ್ಲೇಟು ಕೆಳಗಿಟ್ಟವಳು ನಾನು. ನನ್ನ ಓದು, ನನ್ನ ಪರೀಕ್ಷೆ, ನನ್ನ ಪದವಿ ಎಲ್ಲ ಈ ಹತ್ತು ಬೆರಳು. ಹೊಸ ಹತ್ತಿಗೆ ಹಳೇ ಹತ್ತಿ ಬೆರೆಸಿದ್ರೆ ಹೊಲಿಗೆ ಬಿಚ್ಚದೆ ಮೇಲಿಂದಲೇ ಹೇಳ್ತಿದ್ದೆ. ತಾ ಎರಡನ್ನೂ.

ಹೇಳುತ್ತಿದ್ದೆ, ಸರಿ. ಎರಡು ವರ್ಷದ ಹಿಂದೆ. ಮಾತು ಬಾಯಿಂದ ಹೊರಟು ಅರ್ಧ ದಾರಿ ಹೋದಮೇಲೆ ನನಗದು ನೆನಪಾಯಿತು. ಅಷ್ಟರಲ್ಲಿ ಪಿಟೀಲು ನಿಯಮ ಹಾಕತೊಡಗಿದ್ದಳು. ನನ್ನ ಊಹೆ ಸರಿಯಾದರೆ ಗರಿ, ತಪ್ಪಾದರೆ ಸಿಂಥೆಟಿಕ್. ಎತ್ತಿ ತೂಕ ನೋಡುವ ಹಾಗಿಲ್ಲ, ಅದು ಕಳ್ಳಾಟ. ಬೆರಳಿನ ತುದಿಯಿಂದ ಮುಟ್ಟುವುದು ಮಾತ್ರ. ಬೇಕೆಂದೇ ಹುಡುಕಿ ತಂದ ಹಾಗಿದ್ದವು ಅವಳ ನಿಯಮಗಳು.

ನೇತು ಹಾಕಿದ್ದ ಮಫ್ಲರೊಂದನ್ನು ತೆಗೆದು ನನ್ನ ಕಣ್ಣು ಕಟ್ಟಿದರು. ಅಂಗಡಿಯವ ಒಂದೇ ಬಣ್ಣದ ಎರಡು ಜಾಕೆಟ್ಟುಗಳನ್ನು ಅದಲುಬದಲು ಮಾಡಿ ಮುಂದಿಟ್ಟದ್ದು ಕೇಳಿಸಿತು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಬೂಟಿನ ದಾರ ಕೇಳಿದರು. ನೀವೇ ಪಟ್ಟಿ ನೋಡಿ ಹೇಳಿ, ಬಂದೆ ಎಂದು ಪಿಟೀಲಿಗೆ ಹೇಳಿ ಅವನು ಆ ಕಡೆ ಹೋದ.

ಬಲಗಡೆಯದನ್ನು ಮುಟ್ಟಿದೆ. ಎಡಗಡೆಯದನ್ನು ಮುಟ್ಟಿದೆ. ಎರಡು ಮರದ ಹಲಗೆ, ಅಷ್ಟೇ. ಗರಿಯಲ್ಲಿ ಕೂದಲಿನಷ್ಟು ಸಣ್ಣ ಕಡ್ಡಿ ಸಿಗುತ್ತದೆ, ಅದು ಸಿಕ್ಕರೆ ಕೆಲಸ ಮುಗಿಯಿತು. ಹುಡುಕಿದೆ. ಕಡ್ಡಿಯಲ್ಲ, ಅಲ್ಲೊಂದು ಮೊಳೆ ಇದ್ದರೂ ನನಗೆ ತಿಳಿಯುತ್ತಿರಲಿಲ್ಲ. ಆದರೂ ಸಂಗೀತಗಾರರ ಹಾಗೆ ತಲೆದೂಗಿದೆ. ಹ್ಞೂಂ ಅಂದೆ. ಓಹೋ ಅಂದೆ. ಇನ್ನು ಎಷ್ಟು ಹೊತ್ತು ಅಂದುಕೊಂಡು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ನಾನು: ಬಲಗಡೆಯದು ಗರಿ. ಇದರಲ್ಲೇನು ಅನುಮಾನ?

ಪಟ್ಟಿ ಸರಸರ ಅಂದಿತು.

ಪಿಟೀಲು: ಅಲ್ಲ ಅತ್ತಿಗೆ. ಬಲಗಡೆಯದು ಸಿಂಥೆಟಿಕ್.

ಮಫ್ಲರು ಬಿಗಿಯಾಯಿತು ಅಂದೆ. ಅಂಗಡಿಯಲ್ಲಿ ತಂಪು, ಕೈ ಸೆಟೆದಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲ ಮುಗಿದ ಮೇಲೆ ಗೋಡೆಯನ್ನೂ ಬೈದೆ. ಅವಳು ನಕ್ಕಿದ್ದರೆ ಗೆಲ್ಲುತ್ತಿದ್ದೆ. ನಗಲಿಲ್ಲ. ಕಣ್ಣಿನ ಕಟ್ಟು ಬಿಚ್ಚಿ, ನನ್ನ ಕೈ ಹಿಡಿದು, ತಂತಿ ಸಡಿಲಿಸಿದ ಸಣ್ಣ ದನಿಯಲ್ಲಿ ಕೇಳಿದಳು.

ಪಿಟೀಲು: ಕೈಗೆ ಏನಾಗಿದೆ ಅತ್ತಿಗೆ?

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ದನಿ ಕೇಳಿ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಎರಡು ವರ್ಷದ ಸೂಜಿ, ರಕ್ತದ ಚುಕ್ಕೆ, ಗುಂಡಿ ಹಾಕಲು ಹಿಡಿಯುವ ಹೊತ್ತು, ಎಲ್ಲ.

ಪಿಟೀಲು: ಬಿಸಿ ಪಾತ್ರೆ ಬರಿಗೈಲಿ ಇಳಿಸೋದು ನೋಡಿ, ಅತ್ತಿಗೆಗೆ ವಯಸ್ಸಾದ ಹಾಗೆ ಧೈರ್ಯ ಬಂತು ಅಂದುಕೊಂಡಿದ್ದೆ. ಮೇಷ್ಟ್ರಿಗೆ ಹೇಳಲೇಬೇಕು.

ನಾನು: ಹೇಳಿದರೆ ಹೆಸರು ಹೊಡೆದು ಹಾಕ್ತಾರೆ.

ಪಿಟೀಲು: ಹೊಡೆದು ಹಾಕಲಿ. ಅಲ್ಲಿ ಮೇಲೆ ಗಾಳಿ ಬೀಸುವಾಗ ಜಿಪ್ಪು ಹಿಡಿಯೋಕಾಗದೆ ನೀವು ನಿಂತರೆ ನಾನೇನು ಮಾಡಲಿ?

ನಾನು: ಒಂದೇ ಸಲ ಕಣೇ. ನನ್ನ ಕಿಟಕಿ ಅಲ್ಲಿಂದ ಕಾಣುತ್ತೋ ಇಲ್ಲವೋ ನೋಡಿಕೊಂಡು ಬಂದುಬಿಡ್ತೀನಿ. ಆಮೇಲೆ ನೀನು ಹೇಳೋ ಡಾಕ್ಟರ ಹತ್ತಿರ ಬರ್ತೀನಿ, ಅಂಚೆಯವರ ಜೊತೆ ಮರ ನೋಡು ಅಂದರೂ ನೋಡ್ತೀನಿ.

ಅವಳು ಆಗೋದಿಲ್ಲ ಎಂದು ತಲೆ ಆಡಿಸಿದಳು. ಪಿಟೀಲು ಒಂದು ಸಲ ತಲೆ ಆಡಿಸಿದರೆ ಅದು ಸರಕಾರಿ ಮೊಹರು. ನನ್ನ ಬೆಟ್ಟ ಅಲ್ಲಿಗೆ ಮುಗಿಯಿತು ಎಂದು ನಾನು ಮಫ್ಲರು ಮಡಚುತ್ತಿದ್ದೆ. ದಾರ ಮಾರಿ ಮುಗಿಸಿದ ಅಂಗಡಿಯವ ಕೈ ಒರೆಸಿಕೊಳ್ಳುತ್ತ ಬಂದ. ಅಮ್ಮ ಯಾವುದು ಅಂದರು ಎಂದು ಕೇಳಿದ. ಬಲಗಡೆಯದು ಎಂದು ಪಿಟೀಲು ಹೇಳಿದಳು. ಅವನು ಪಟ್ಟಿ ತಿರುಗಿಸಿ ನೋಡಿದ, ಆಮೇಲೆ ನನ್ನನ್ನು ನೋಡಿದ, ಆಮೇಲೆ ಎರಡೂ ಕೈ ಮುಗಿದ.

ಅಂಗಡಿಯವ: ಸೋತೆ ಅಮ್ಮ. ಬಲಗಡೆಯದೇ ಗರಿ. ಇಂಥ ಕೈ ನಾನು ನೋಡಿಲ್ಲ.

ಅವನ ಮುಂದೆ ನನಗೆ ಅಷ್ಟು ಗೌರವ ಸಿಕ್ಕ ಗಳಿಗೆಯಲ್ಲಿ ನಾನು ಅದನ್ನು ಪಡೆಯುವ ಸ್ಥಿತಿಯಲ್ಲಿರಲಿಲ್ಲ. ಕೈಗೇನೂ ತಿಳಿದಿರಲಿಲ್ಲ, ಬಾಯಿ ಎಸೆದ ಕಲ್ಲು ಹಣ್ಣಿಗೆ ತಾಗಿತ್ತು ಅಷ್ಟೇ. ಅದಿರಲಿ. ನಾನು ನೋಡುತ್ತಿದ್ದದ್ದು ಪಿಟೀಲನ್ನು. ಅವಳು ನೋಡುತ್ತಿದ್ದದ್ದು ಗೋಡೆಯ ಮೇಲಿನ ಹಗ್ಗವನ್ನು.

ನಾನು: ಪಟ್ಟಿ ಓದಿದೆಯಲ್ಲ ನೀನು?

ಪಿಟೀಲು: ಓದಿದೆ.

ನಾನು: ಏನು ಬರೆದಿತ್ತು?

ಪಿಟೀಲು: ಸಣ್ಣ ಅಕ್ಷರ.

ನಾನು: ಎಷ್ಟು ದಿನದಿಂದ?

ಪಿಟೀಲು: ಎಲ್ಲ ಅಂಗಡಿಯವರೂ ಸಣ್ಣ ಅಕ್ಷರವೇ ಹಾಕೋದು.

ನಾನು: ನಾನು ಕೇಳಿದ್ದು ಅಕ್ಷರ ಅಲ್ಲ.

ಅವಳು ಹಗ್ಗದ ಕಡೆಗೇ ನೋಡುತ್ತ ಮೂರು ಬೆರಳು ಎತ್ತಿದಳು. ಮೂರು ತಿಂಗಳಾ ಅಂದೆ. ಮೂರು ವರ್ಷ ಅಂದಳು. ಪೊರೆ ಬಂದಿದೆ, ಎರಡು ಕಣ್ಣಿಗೂ. ನಡೆಯುವ ದಾರಿ ಕಾಣುತ್ತದೆ, ಮುಖ ಕಾಣುತ್ತದೆ, ಅಕ್ಷರ ಮಾತ್ರ ಇರುವೆ ಹರಿದ ಹಾಗೆ. ಆಪರೇಷನ್ ಮಾಡಿಸಿಕೊಳ್ಳಬಹುದಿತ್ತಲ್ಲ ಅಂದರೆ, ಆ ಕೋಣೆಯಿಂದ ಬರುತ್ತಿದ್ದ ಬಟ್ಟೆ ಮೂವತ್ತು ವರ್ಷ ಒಗೆದವಳು ನಾನು, ನನಗೆ ಹೇಳಬೇಡಿ ಅಂದಳು.

ಆಗ ನನ್ನ ತಲೆಗೆ ಇನ್ನೊಂದು ಹೊಳೆಯಿತು. ದಿನಾ ಬೆಳಿಗ್ಗೆ ಅವಳು ಪೇಪರು ಗಟ್ಟಿಯಾಗಿ ಓದುವುದು, ನಾನು ಕಾಫಿ ಹಿಡಿದು ಕೇಳುವುದು ನಮ್ಮ ಮನೆಯ ಕ್ರಮ.

ನಾನು: ಹಾಗಾದರೆ ಮೂರು ವರ್ಷದಿಂದ ಪೇಪರು?

ಪಿಟೀಲು: ತಲೆಬರಹ ದೊಡ್ಡದಿರುತ್ತಲ್ಲ, ಅದು ಓದ್ತಿದ್ದೆ.

ನಾನು: ಕೆಳಗಿನದು?

ಪಿಟೀಲು: ಕೆಳಗಿನದು ಅಂದಾಜು.

ನಾನು: ಸೇತುವೆ ಬಿದ್ದಿದ್ದಕ್ಕೆ ಇಂಜಿನಿಯರು ಮೀಸೆ ಬೋಳಿಸಿಕೊಂಡ ಅಂತ ಓದಿದೆಯಲ್ಲ.

ಪಿಟೀಲು: ಬೋಳಿಸಿಕೊಂಡಿದ್ದರೆ ಚೆನ್ನಾಗಿರ್ತಿತ್ತು ಅನ್ನಿಸಿತು.

ಆ ಮೀಸೆಯನ್ನೇ ಹಿಡಿದು ನಾನು ಡ್ರಿಲ್ ಮೇಷ್ಟ್ರ ಹತ್ತಿರ ಉದ್ಯಾನದ ಒಂದು ಸುತ್ತು ಪೂರ್ತಿ ವಾದ ಮಾಡಿ ಗೆದ್ದಿದ್ದೆ. ಅವರು ಬೇರೆ ಪೇಪರು ತರಿಸುತ್ತಾರೆ, ಅದಕ್ಕೇ ಅವರಿಗೆ ಸುದ್ದಿ ತಿಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದೆ. ಮೂರು ವರ್ಷದಿಂದ ಲೋಕದ ಬಗ್ಗೆ ನನಗೆ ತಿಳಿದದ್ದೆಲ್ಲ ಪಿಟೀಲಿನ ಹೊಟ್ಟೆಯಿಂದ ಬಂದದ್ದು. ಗುಟ್ಟು ನಿಲ್ಲದ ಹೊಟ್ಟೆ ಅಂತ ನಾನೇ ಸರ್ಟಿಫಿಕೇಟು ಕೊಟ್ಟಿದ್ದ ಹೊಟ್ಟೆ.

ನಾನು: ಮೇಷ್ಟ್ರಿಗೆ ಹೇಳಲೇಬೇಕು.

ಪಿಟೀಲು: ಯಾರ ವಿಷಯ?

ನಾನು: ಬೆಟ್ಟದ ದಾರಿಯ ಬೋರ್ಡು ಓದೋಕಾಗದೆ ನೀನು ನಿಂತರೆ ನಾನೇನು ಮಾಡಲಿ?

ಪಿಟೀಲು: ಬೋರ್ಡಿನ ಅಕ್ಷರ ದೊಡ್ಡದಿರುತ್ತೆ.

ನಾನು: ಜಾಕೆಟ್ಟಿನ ಜಿಪ್ಪೂ ದೊಡ್ಡದಿರುತ್ತೆ.

ಪಿಟೀಲು: ಎಲ್ಲಿದೆ, ತೋರಿಸಿ ನೋಡೋಣ.

ಅವಳು ಸವಾಲು ಹಾಕಿದ್ದು. ನಾನು ನೋಡಿದೆ. ಗರಿ ಜಾಕೆಟ್ಟಿನ ಜಿಪ್ಪಿನ ತುದಿ ಜೀರಿಗೆ ಕಾಳಿನಷ್ಟು. ಹಗುರವೇ ಹೆಚ್ಚುಗಾರಿಕೆಯಲ್ಲವೇ, ಅಲ್ಲೂ ಕಡಿಮೆ ಮಾಡಿದ್ದಾರೆ. ಎರಡು ಸಲ ಹಿಡಿದೆ, ಎರಡು ಸಲವೂ ಗಾಳಿ ಹಿಡಿದೆ. ಸಿಂಥೆಟಿಕ್ ಒರಟು ಕೆಲಸದವರಿಗೆ ಮಾಡಿದ ಮಾಲು. ಅದಕ್ಕೆ ಕೈಗವಸು ಹಾಕಿಕೊಂಡೂ ಎಳೆಯುವ ಹಾಗೆ ಚಮಚದ ಹಿಡಿಯಷ್ಟು ದಪ್ಪದ ತುದಿ. ತೊಟ್ಟುಕೊಂಡೆ. ಕೆಳಗೆ ಕೂಡಿಸುವಾಗ ಒಂದು ಸಲ ತಪ್ಪಿತು. ಪಿಟೀಲಿನ ಕೈ ಮುಂದೆ ಬಂತು, ಅವಳೇ ಅದನ್ನು ಹಿಂದೆ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು. ಎರಡನೆಯ ಸಲ ಕೂಡಿತು. ಗಲ್ಲದವರೆಗೆ ಒಂದೇ ಎಳೆತಕ್ಕೆ ಸರ್ರೆಂದು ಏರಿತು.

ಪಿಟೀಲು ಬಗ್ಗಿ ಜಿಪ್ಪನ್ನು ನೋಡಿದಳು. ಆಮೇಲೆ, ಇಳಿಸಿ ಇನ್ನೊಂದು ಸಲ ಏರಿಸಿ ಅಂದಳು. ಏರಿಸಿದೆ. ಇನ್ನೂ ಒಂದು ಸಲ ಅಂದಳು. ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದಳೋ ಏನೋ, ಆರು ಸಲ ಮಾಡಿಸಿದಳು.

ಪಿಟೀಲು: ಭಾನುವಾರ ಬೆಟ್ಟ. ಸೋಮವಾರ ನಿಮ್ಮ ಬೆರಳು ಡಾಕ್ಟರಿಗೆ.

ನಾನು: ಮಂಗಳವಾರ ನಿನ್ನ ಕಣ್ಣು.

ಪಿಟೀಲು: ಮಂಗಳವಾರ ನೋಡೋಣ.

ನಾನು: ನೋಡೋಕೇ ಹೋಗೋದು. ಇಲ್ಲದಿದ್ದರೆ ಆ ಇಂಜಿನಿಯರ ಮೀಸೆ ವಿಷಯ ಗುಂಪಿನಲ್ಲಿ ನಾನೇ ಹೇಳ್ತೀನಿ.

ಪಿಟೀಲು: ಹೇಳಿದರೆ ಮರ್ಯಾದೆ ಹೋಗೋದು ನಿಮ್ಮದು.

ಅದೂ ನಿಜವೇ. ಹೀಗೆ ಯಾರ ಗುಟ್ಟು ಯಾರ ಕೈಯಲ್ಲಿದೆ ಎಂದು ತೀರ್ಮಾನವಾಗದೆ ಒಪ್ಪಂದವಾಯಿತು. ಇದುವರೆಗೆ ನಮ್ಮಿಬ್ಬರ ನಡುವೆ ಆದ ಒಪ್ಪಂದಗಳಲ್ಲಿ ಇದೇ ಗಟ್ಟಿ.

ಅಂಗಡಿಯವನಿಗೆ ಎರಡು ಸಿಂಥೆಟಿಕ್ ಕೊಡು ಅಂದೆವು. ಅವನಿಗೆ ಅರ್ಥವಾಗಲಿಲ್ಲ. ಗೆದ್ದವರು ನೀವು, ಗರಿ ತಾನೆ ತಗೋಬೇಕಾಗಿದ್ದು ಅಂದ. ತೂಕ ಇಲ್ಲದ ಮಾಲು ನಮ್ಮ ಮನೆತನಕ್ಕೆ ಒಗ್ಗುವುದಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಕುದಿಸುವ ಹಾಗಿಲ್ಲದ್ದು ಬೇಡ ಅಂತ ಪಿಟೀಲು ಹೇಳಿದಳು. ಸಿಂಥೆಟಿಕ್ಕನ್ನೂ ಕುದಿಸಬಾರದು ಅಮ್ಮ ಎಂದು ಅವನು ಶುರುಮಾಡಿದ. ಅವಳು ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿ, ಎರಡನ್ನೂ ಮಡಚಿ ಚೀಲಕ್ಕೆ ಹಾಕಿದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ. ನಾವು ನಿಜವಾಗಿ ಹೋಗುತ್ತಿದ್ದೇವೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದನೇನೋ.

ಅಂಗಡಿಯವ: ಚೀಟಿ ಜೋಪಾನ ಅಮ್ಮ. ಹೊಂದಿಕೆ ಆಗಲಿಲ್ಲ ಅಂದ್ರೆ ಏಳು ದಿನದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ.

ಪಿಟೀಲು: ಬೇಡಪ್ಪ. ಹೊಂದಿಕೆ ಆಗದ್ದನ್ನೂ ಬದಲಾಯಿಸದೆ ನಲವತ್ತೆಂಟು ವರ್ಷ ಇಟ್ಟುಕೊಂಡಿದೀವಿ. ಇದೇನು ಮಹಾ, ಬರೀ ಜಾಕೆಟ್ಟು.